ಮೌನಸಭೆ ಮತ್ತು ಕಾರ್ಖಾನೆ

ಮಧ್ಯಮಪುರುಷ ಏಕವಚನದ ಒಂದು ಸರ್ವನಾಮಕ್ಕಾಗಿ ಜನರು ಬೀದಿಯಲ್ಲಿ ಪೆಟ್ಟು ತಿಂದ ಪ್ರಸಂಗ ಇಂಗ್ಲೆಂಡಿನ ಇತಿಹಾಸದಲ್ಲುಂಟು. ಹದಿನೇಳನೆಯ ಶತಮಾನದ ಆ ನಾಡಿನಲ್ಲಿ, ಕನ್ನಡದ ‘ನೀನು’ ‘ನೀವು’ಗಳಂತೆಯೇ, ಕಿರಿಯರನ್ನೂ ಸೇವಕರನ್ನೂ ಕರೆಯಲು ‘ದೌ’ ಎಂಬ ಏಕವಚನರೂಪವೂ ಸಿರಿವಂತರನ್ನೂ ಅಧಿಕಾರಿಗಳನ್ನೂ ಸಂಬೋಧಿಸಲು ‘ಯೂ’ ಎಂಬ ಬಹುವಚನರೂಪವೂ ಬಳಕೆಯಲ್ಲಿದ್ದುವು. ಜಾರ್ಜ್ ಫಾಕ್ಸ್ (1624–1691) ಎಂಬಾತ ಒಬ್ಬ ನೇಕಾರನ ಮಗ. ಪಾದರಕ್ಷೆ ಮಾಡುವವನೊಬ್ಬನ ಬಳಿ ಕಸುಬು ಕಲಿತವನು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕು ಇರುವುದಾದರೆ ಒಬ್ಬನಿಗೆ ‘ನೀನು’, ಇನ್ನೊಬ್ಬನಿಗೆ ‘ನೀವು’ ಎನ್ನುವುದು ಸುಳ್ಳಾಡಿದಂತೆ ಎಂದು ಆತ ಸಾರಿದನು. ಆತನ ಅನುಯಾಯಿಗಳು ನ್ಯಾಯಾಧೀಶನಿಗೂ ‘ನೀನು’ ಎಂದರು. ಯಾರ ಮುಂದೆಯೂ ಟೊಪ್ಪಿಗೆ ತೆಗೆಯಲಿಲ್ಲ. ಇದಕ್ಕಾಗಿ ಬೈಗುಳ, ಪೆಟ್ಟು, ದಂಡ, ಸೆರೆವಾಸಗಳೆಲ್ಲವೂ ಅವರ ಪಾಲಿಗೆ ಬಂದುವು. ದೇವರ ಮಾತಿಗೆ ನಡುಗುವವರು ಎಂಬ ಅರ್ಥದಲ್ಲಿ ವಿರೋಧಿಗಳು ಇಟ್ಟ ‘ಕ್ವೇಕರ್’ ಎಂಬ ಅಡ್ಡಹೆಸರೇ ಅವರಿಗೆ ನಿಂತಿತು. ಅವರು ತಮ್ಮನ್ನು ತಾವು ಕರೆದುಕೊಂಡದ್ದು ಮಿತ್ರರು ಎಂದು.

ಈ ಮಿತ್ರಸಮಾಜದ ಆರಾಧನೆ ವಿಲಕ್ಷಣವಾದುದು. ಅಲ್ಲಿ ಪುರೋಹಿತನಿಲ್ಲ, ವೇದಿಕೆಯಿಲ್ಲ, ಗಾಯನವಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಅಂತಃಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತನಾಡಿ ಕುಳಿತುಕೊಳ್ಳುತ್ತಾರೆ. ಸಮಾಜದ ಲೌಕಿಕ ವ್ಯವಹಾರವೂ ಇದೇ ರೀತಿಯ ಸಭೆಯಲ್ಲಿ ನಡೆಯುತ್ತದೆ. ಅಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಬಹುಮತವು ಅಲ್ಪಮತವನ್ನು ಸೋಲಿಸುವ ಮಾತೇ ಇಲ್ಲ. ಚರ್ಚೆಯೆಲ್ಲ ಮುಗಿದ ಮೇಲೆ ಸಭೆಯ ಒಟ್ಟು ಮನಸ್ಸು ಎತ್ತ ಒಲಿದಿದೆಯೆಂಬುದನ್ನು ಲೇಖಕನೊಬ್ಬ ಅಲ್ಲಿಯೇ ಬರೆದು ಓದುತ್ತಾನೆ; ಒಪ್ಪಿಗೆಯಾದರೆ ಅದೇ ನಿರ್ಣಯ, ಆಗದಿದ್ದರೆ ವಿಷಯ ಮುಂದಿನ ಸಭೆಗೆ. ಅನುಭವಮಂಟಪದ ಪರಿಕಲ್ಪನೆಯಲ್ಲಿ ಬೆಳೆದ ವಾಚಕರಿಗೆ, ಕಾಯಕಜೀವಿಗಳು ಸಮಾನರಾಗಿ ಕುಳಿತು ವಿಚಾರಿಸುವ ಗೋಷ್ಠಿಯ ಚಿತ್ರ ಹೊಸದೆನಿಸಲಾರದು. ಆದರೆ ದೇಶ, ಕಾಲ, ಮತಗಳು ಬೇರೆಬೇರೆಯಾದುವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಎರಡಕ್ಕೂ ಅನ್ಯಾಯ. ಈ ಸಭಾಪದ್ಧತಿ ಮಿತ್ರರ ಕಾರ್ಖಾನೆಗಳೊಳಕ್ಕೆ ಎಷ್ಟರಮಟ್ಟಿಗೆ ಹೋಯಿತು, ಎಲ್ಲಿ ಬಾಗಿಲಲ್ಲೇ ನಿಂತಿತು ಎಂಬುದನ್ನು ನೋಡುವುದಷ್ಟೇ ಪ್ರಸ್ತುತ.

ಕ್ವೇಕರರು ವ್ಯಾಪಾರಕ್ಕೆ ಬಂದುದು ಮುಖ್ಯವಾಗಿ ಬೇರೆ ದಾರಿಗಳು ಮುಚ್ಚಿದ್ದುದರಿಂದ. ಪ್ರಮಾಣವಚನ ಸ್ವೀಕರಿಸುವುದು ಅವರಿಗೆ ನಿಷಿದ್ಧ; ಆದ್ದರಿಂದ ಸರಕಾರಿ ಹುದ್ದೆ ಸಿಕ್ಕದು. ಯುದ್ಧ ನಿಷಿದ್ಧ, ಆದ್ದರಿಂದ ಸೈನ್ಯವಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳ ಮತಪರೀಕ್ಷೆಗಳು ಪೂರ್ಣವಾಗಿ ತೊಲಗಿದ್ದು 1871ರಲ್ಲಿ. ಉಳಿದದ್ದು ಅಂಗಡಿ, ಗಿರಣಿ, ಬ್ಯಾಂಕು. ಅಂಗಡಿಯಲ್ಲಿಯೂ ಅವರು ತಮ್ಮ ಹಟ ಬಿಡಲಿಲ್ಲ. ಚೌಕಾಶಿ ಮಾಡುವ ವ್ಯಾಪಾರಿ ಮೊದಲು ಹೇಳುವ ಬೆಲೆ ಸುಳ್ಳು, ಗಿರಾಕಿ ಮೊದಲು ಕೇಳುವ ಬೆಲೆಯೂ ಸುಳ್ಳು. ಆದುದರಿಂದ ಒಂದು ವಸ್ತುವಿಗೆ ಒಂದೇ ಬೆಲೆಯೆಂದು ಗೊತ್ತುಮಾಡಿದರು. ಮೊದಮೊದಲು ಗಿರಾಕಿಗಳು ದೂರ ಸರಿದರು. ಚಿಕ್ಕ ಮಗುವನ್ನು ಕಳಿಸಿದರೂ ದೊಡ್ಡವರು ಕೊಡುವಷ್ಟೇ ಬೆಲೆಗೆ ಸಾಮಾನು ಬರುತ್ತದೆಂಬುದು ಗೊತ್ತಾದ ಮೇಲೆ ಇವರ ಅಂಗಡಿಗಳೇ ತುಂಬಿದುವು. ಸಾಲ ತೀರಿಸಲಾರದೆ ದಿವಾಳಿಯೆದ್ದವನನ್ನು ಸಮಾಜವು ವಿಚಾರಣೆಗೆ ಗುರಿಪಡಿಸಿ, ತಪ್ಪು ಕಂಡರೆ ಹೊರಹಾಕುತ್ತಿತ್ತು. ಇಂಥವರಲ್ಲಿ ಜನ ಹಣ ಇಟ್ಟುದು ಸಹಜವಷ್ಟೆ. ಲಾಯ್ಡ್ಸ್, ಬಾರ್ಕ್ಲೇಸ್ ಎಂಬ ಪ್ರಸಿದ್ಧ ಬ್ಯಾಂಕುಗಳ ಮೂಲದಲ್ಲಿ ಕ್ವೇಕರ್ ಕುಟುಂಬಗಳಿರುವುದು ಆಕಸ್ಮಿಕವಲ್ಲ.

ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ಕ್ಯಾಡ್ಬರಿ ಎಂಬ ಕ್ವೇಕರ್ 1824ರಲ್ಲಿ ಚಹ, ಕಾಫಿ, ಕೋಕೋಗಳ ಅಂಗಡಿ ತೆರೆದನು. ಮದ್ಯಕ್ಕೆ ಬದಲಾಗಿ ಜನರಿಗೆ ಒಂದು ಪಾನೀಯ ದೊರೆಯಲಿ ಎಂಬುದೂ ಆತನ ಆಶಯವಾಗಿದ್ದಿತು. 1861ರಲ್ಲಿ ಆತನ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ವಹಿಸಿಕೊಂಡಾಗ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. 1866ರಲ್ಲಿ ಹಿಟ್ಟು ಬೆರೆಸದ ಶುದ್ಧ ಕೋಕೋ ಪುಡಿಯನ್ನು ಮಾರುಕಟ್ಟೆಗೆ ತಂದು ಅವರು ಚೇತರಿಸಿಕೊಂಡರು. 1879ರಲ್ಲಿ ನಗರದ ಹೊಗೆಯನ್ನು ಬಿಟ್ಟು ನಾಲ್ಕು ಮೈಲಿ ದಕ್ಷಿಣಕ್ಕಿದ್ದ ಬಯಲಿಗೆ ಕಾರ್ಖಾನೆಯನ್ನು ಸಾಗಿಸಿ, ಆ ಸ್ಥಳಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಜಾರ್ಜ್ ಕ್ಯಾಡ್ಬರಿಯ ವಿಚಾರವನ್ನು ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕು. ಸುಮಾರು ಅರ್ಧ ಶತಮಾನದ ಕಾಲ ಆತ ಪ್ರತಿ ಭಾನುವಾರ ಬೆಳಗ್ಗೆ ನಗರದ ವಯಸ್ಕರ ಶಾಲೆಯೊಂದರಲ್ಲಿ ಕೂಲಿಕಾರರಿಗೆ ಓದುಬರಹ ಕಲಿಸಿದನು. ಆ ವಿದ್ಯಾರ್ಥಿಗಳ ಮನೆಗಳಿಗೆ ಹೋಗಿ ಅವರ ಕತ್ತಲೆಕೋಣೆಗಳನ್ನು ಕಣ್ಣಾರೆ ಕಂಡದ್ದರಿಂದಲೇ ಮನೆ ಕಟ್ಟಿಸುವ ಸಂಕಲ್ಪ ಹುಟ್ಟಿತು. 1893ರಲ್ಲಿ 120 ಎಕರೆ ನೆಲ ಕೊಂಡು, 1895ರಲ್ಲಿ ಕಟ್ಟಡ ಆರಂಭಿಸಿ, 1900ರ ಹೊತ್ತಿಗೆ 313 ಮನೆಗಳಾಗಿದ್ದ ಆ ಊರನ್ನು ಒಂದು ಧರ್ಮನಿಧಿಗೆ ಬಿಟ್ಟುಕೊಟ್ಟನು. ಪ್ರತಿ ಮನೆಗೂ ಹಿತ್ತಿಲು, ಹಿತ್ತಿಲಿಗೆ ಹಣ್ಣಿನ ಗಿಡ. ಮನೆಗಳು ಕಂಪೆನಿಯ ನೌಕರರಿಗಷ್ಟೇ ಮೀಸಲಾಗಿರಲಿಲ್ಲ. ಮದ್ಯದಂಗಡಿಗೆ ಮಾತ್ರ ಆ ಊರಿನಲ್ಲಿ ಎಡೆಯಿರಲಿಲ್ಲ.

ಇದೆಲ್ಲವೂ ಮೆಚ್ಚತಕ್ಕದ್ದೇ. ಆದರೆ ಇದೊಂದು ಬಗೆಯ ತಂದೆತನವೆಂಬುದನ್ನೂ ಒಪ್ಪಿಕೊಳ್ಳಬೇಕು. ಸ್ತ್ರೀ ಕಾರ್ಮಿಕರಿಗೆ ಉದ್ಯಾನ, ಈಜುಕೊಳಗಳನ್ನು ಕಟ್ಟಿಸಿಕೊಟ್ಟ ಕಂಪೆನಿ, ಅವರು ಮದುವೆಯಾದೊಡನೆ ಕೆಲಸ ಬಿಡಬೇಕೆಂದೂ ವಿಧಿಸಿತ್ತು. ಮೌನಸಭೆಯಲ್ಲಿ ಎದ್ದು ಮಾತನಾಡಬಹುದಾಗಿದ್ದ ಹೆಣ್ಣುಮಗಳಿಗೆ ತನ್ನ ಉದ್ಯೋಗದ ವಿಷಯದಲ್ಲಿ ಆಡಲು ಒಂದು ಮಾತೂ ಇರಲಿಲ್ಲ. ಒಳ್ಳೆಯದು ಯಾವುದೆಂದು ನಿರ್ಣಯಿಸುವವನು ಒಡೆಯ. ಅದನ್ನು ಪಡೆಯುವವರು ಕೆಲಸಗಾರರು. ಒಡೆಯನ ಮನಸ್ಸು ಸಾತ್ತ್ವಿಕವಾಗಿರುವವರೆಗೆ ಇದರ ಕೊರತೆ ಕಾಣಿಸುವುದಿಲ್ಲ.

ಆ ಸಾತ್ತ್ವಿಕ ಮನಸ್ಸಿಗೂ ಒಂದು ಕಠಿಣ ಪರೀಕ್ಷೆ ಬಂದಿತು. ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಕ್ವೇಕರರು ಅಗ್ರಗಣ್ಯರು. 1783ರಲ್ಲಿ ಅವರು ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಿದ್ದರು. 1787ರಲ್ಲಿ ಗುಲಾಮವ್ಯಾಪಾರವನ್ನು ಕೊನೆಗಾಣಿಸಲು ಸ್ಥಾಪಿತವಾದ ಸಮಿತಿಯ 12 ಮಂದಿಯಲ್ಲಿ 9 ಮಂದಿ ಅವರೇ. ಇಂಥ ಪರಂಪರೆಯ ಮನೆತನಕ್ಕೆ 1901ರಲ್ಲಿ ಒಂದು ಸುದ್ದಿ ತಲುಪಿತು. ಆಫ್ರಿಕದ ಪಶ್ಚಿಮ ಕಡಲಿನಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಸಾವೊ ಟೋಮೆ ಎಂಬ ದ್ವೀಪದ ಕೋಕೋ ತೋಟವೊಂದು ಮಾರಾಟಕ್ಕಿತ್ತು. ಅದರ ಆಸ್ತಿಪಟ್ಟಿಯಲ್ಲಿ ದನಕರುಗಳ ಜೊತೆಗೆ ಆಳುಗಳನ್ನೂ ಬೆಲೆಕಟ್ಟಿ ಸೇರಿಸಲಾಗಿತ್ತು. ಕ್ಯಾಡ್ಬರಿ ಕಂಪೆನಿ ಕೊಳ್ಳುತ್ತಿದ್ದ ಕೋಕೋ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆ ದ್ವೀಪದಿಂದ ಬರುತ್ತಿತ್ತು. ಕಾಗದದ ಮೇಲೆ ಆ ಆಳುಗಳು ಕರಾರಿನ ಕೂಲಿಗಳು. ವಾಸ್ತವದಲ್ಲಿ ಅಂಗೋಲದ ಒಳನಾಡಿನಿಂದ ಅವರನ್ನು ಹಿಡಿದು ತರಲಾಗುತ್ತಿತ್ತು. ಕರಾರಿನ ಅವಧಿ ಮುಗಿದರೂ ಊರಿಗೆ ಮರಳಿ ಹೋಗುವವರು ಇಲ್ಲವೆಂಬಷ್ಟು ವಿರಳ.

ಕಂಪೆನಿಯ ಪರವಾಗಿ ವಿಲಿಯಂ ಕ್ಯಾಡ್ಬರಿ ಲಿಸ್ಬನ್ನಿಗೆ ಹೋಗಿ ಅಧಿಕಾರಿಗಳನ್ನು ಕಂಡನು. 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ಪ್ರತ್ಯಕ್ಷ ವಿಚಾರಣೆಗಾಗಿ ದ್ವೀಪಕ್ಕೂ ಅಂಗೋಲಕ್ಕೂ ಕಳಿಸಲಾಯಿತು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತ ತಾನೇ ಅಲ್ಲಿಗೆ ಹೋಗಿಬಂದು, ಇದು ಗುಲಾಮಗಿರಿಯಲ್ಲದೆ ಬೇರೇನಲ್ಲವೆಂದು 1906ರಲ್ಲಿ ಪುಸ್ತಕವನ್ನೇ ಪ್ರಕಟಿಸಿದನು. ಬರ್ಟ್ ಕೊಟ್ಟ ವರದಿಯೂ ಅದನ್ನೇ ಹೇಳಿತು. ಆದರೂ ಖರೀದಿ ನಿಲ್ಲಲಿಲ್ಲ. ಕೊಳ್ಳುವುದನ್ನು ನಿಲ್ಲಿಸಿಬಿಟ್ಟರೆ ಪೋರ್ಚುಗಲ್ ಸರಕಾರ ನಮ್ಮ ಮಾತಿಗೆ ಕಿವಿಗೊಡುವುದಿಲ್ಲ; ಗಿರಾಕಿಗಳಾಗಿ ಉಳಿದರೆ ಮಾತ್ರ ಸುಧಾರಣೆಗೆ ಒತ್ತಾಯಿಸಬಹುದು ಎಂಬುದು ಕಂಪೆನಿಯ ವಾದ. ಬ್ರಿಟಿಷ್ ಸರಕಾರದ ವಿದೇಶಾಂಗ ಖಾತೆಯೂ ತಾಳ್ಮೆಯಿಂದಿರುವಂತೆ ಸೂಚಿಸಿತ್ತು. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಸುದ್ದಿ ತಿಳಿದಂದಿನಿಂದ ಖರೀದಿ ನಿಂತಂದಿನವರೆಗೆ ಎಂಟು ವರ್ಷಗಳು ಸಂದುವು. 1909ರ ಮಾರ್ಚಿಯಲ್ಲಿ ಕ್ಯಾಡ್ಬರಿ, ಫ್ರೈ, ರೌಂಟ್ರಿ ಎಂಬ ಮೂರೂ ಕ್ವೇಕರ್ ಕಂಪೆನಿಗಳು ಸಾವೊ ಟೋಮೆಯ ಕೋಕೋವನ್ನು ಬಹಿಷ್ಕರಿಸಿದುವು. ಕ್ಯಾಡ್ಬರಿಯವರು ಗೋಲ್ಡ್ ಕೋಸ್ಟಿನ, ಎಂದರೆ ಇಂದಿನ ಘಾನಾದ, ಸಣ್ಣ ರೈತರ ಕಡೆಗೆ ತಿರುಗಿದರು.

ಈ ನಡುವೆ 1908ರಲ್ಲಿ ‘ಸ್ಟ್ಯಾಂಡರ್ಡ್’ ಎಂಬ ಪತ್ರಿಕೆ ಕಂಪೆನಿಯನ್ನು ಆಷಾಢಭೂತಿಯೆಂದು ಹಳಿದು ಬರೆದಿತ್ತು. ಬೋರ್ನ್‌ವಿಲ್ಲಿನ ಕಾರ್ಮಿಕರಿಗೆ ತೋಟ ಮನೆ, ದ್ವೀಪದ ಕಾರ್ಮಿಕರಿಗೆ ಚಾವಟಿ ಎಂಬುದು ಅದರ ತಾತ್ಪರ್ಯ. ಕ್ಯಾಡ್ಬರಿಯವರು ಮಾನನಷ್ಟದ ದಾವೆ ಹೂಡಿದರು. ಬರ್ಮಿಂಗ್‌ಹ್ಯಾಮಿನಲ್ಲಿ 1909ರ ಕೊನೆಯಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಯ ಪರ ನ್ಯಾಯವಾದಿ ಎಡ್ವರ್ಡ್ ಕಾರ್ಸನ್, ಈ ಎಂಟು ವರ್ಷಗಳಲ್ಲಿ ನಿಮ್ಮ ಕೋಕೋಗಾಗಿ ಎಷ್ಟು ಗುಲಾಮರು ಸತ್ತರೆಂದು ಲೆಕ್ಕ ಹಾಕಿದ್ದೀರಾ ಎಂಬರ್ಥದ ಪ್ರಶ್ನೆಯನ್ನು ವಿಲಿಯಂ ಕ್ಯಾಡ್ಬರಿಯ ಮುಂದಿಟ್ಟನು. ಇಲ್ಲವೆನ್ನುವುದಲ್ಲದೆ ಬೇರೆ ಉತ್ತರ ಆತನಲ್ಲಿರಲಿಲ್ಲ. ಪಂಚರು ಪತ್ರಿಕೆಯನ್ನು ತಪ್ಪಿತಸ್ಥನೆಂದೇ ತೀರ್ಮಾನಿಸಿದರು; ಆದರೆ ಕಂಪೆನಿಗೆ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲುಭಾಗ. ಗೆದ್ದವರಿಗೆ ಕೈಯಲ್ಲಿ ಕುರುಡು ಕಾಸು ಇಟ್ಟು ಕಳಿಸಿದಂತಾಯಿತು. ಆ ಪಂಚರಿಗೆ ವ್ಯವಹಾರವೂ ತಿಳಿದಿತ್ತು, ಧರ್ಮಸೂಕ್ಷ್ಮವೂ ತಿಳಿದಿತ್ತು ಎನ್ನಬೇಕು.

ಯಾರ್ಕ್ ನಗರದ ಜೋಸೆಫ್ ರೌಂಟ್ರಿ (1836–1925) ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದನು. ಬಡವರಿಗೆ ಗಂಜಿ ಹಂಚುತ್ತೇವೆಂದರೆ ಹಣ ಸುಲಭವಾಗಿ ಕೂಡುತ್ತದೆ. ಬಡತನ ಏಕೆ ಬಂತೆಂದು ಶೋಧಿಸುತ್ತೇವೆಂದರೆ ಯಾರೂ ಕೊಡುವುದಿಲ್ಲ ಎಂಬುದು ಆತನ ವಿಷಾದ. 1904ರಲ್ಲಿ ತನ್ನ ಸಂಪತ್ತಿನ ದೊಡ್ಡ ಭಾಗವನ್ನು ಮೂರು ನಿಧಿಗಳಿಗೆ ಹಂಚಿಕೊಟ್ಟಾಗ ಈ ಅಭಿಪ್ರಾಯವನ್ನು ಬರೆದಿಟ್ಟನು. ದತ್ತಿ ಕೊಡುವವರು ಇಂದಿಗೂ ಓದಬೇಕಾದ ಬರಹವದು. ಆತನ ಮಗ ಸೀಬೋಮ್ ರೌಂಟ್ರಿ ಯಾರ್ಕಿನ ದುಡಿಯುವ ಜನರ ಮನೆಮನೆಯ ವಿವರ ಕಲೆಹಾಕಿ 1901ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಗರದ ಜನಸಂಖ್ಯೆಯ ಸುಮಾರು ಶೇಕಡಾ 28ರಷ್ಟು ಮಂದಿ ಬಡತನದಲ್ಲಿರುವುದಾಗಿ ತೋರಿಸಿದನು. ಬಹಳ ಜನ ಬಡವರಾದುದು ಕುಡಿತದಿಂದಲೋ ಸೋಮಾರಿತನದಿಂದಲೋ ಅಲ್ಲ, ಪೂರ್ಣಾವಧಿ ದುಡಿದರೂ ಹೊಟ್ಟೆ ತುಂಬದಷ್ಟು ಕಡಮೆ ಕೂಲಿಯಿಂದ ಎಂಬುದು ಆ ಗ್ರಂಥದ ಮುಖ್ಯ ಶೋಧ. ಕೂಲಿ ಕೊಡುವ ಮಾಲೀಕನ ಮಗನೇ ಇದನ್ನು ಬರೆದದ್ದು ಸಣ್ಣ ಸಂಗತಿಯಲ್ಲ.

ರೌಂಟ್ರಿಯವರ ಕಾರ್ಖಾನೆಯಲ್ಲಿ 1906ರಲ್ಲಿ ನಿವೃತ್ತಿವೇತನ ಬಂದಿತು. ಒಂದನೆಯ ಮಹಾಯುದ್ಧದ ಕಾಲದಿಂದ ಇಲಾಖೆಗಳಲ್ಲಿ ಕಾರ್ಮಿಕರು ಆರಿಸಿದ ಪರಿಷತ್ತುಗಳೂ, 1919ರಲ್ಲಿ ಇಡೀ ಕಾರ್ಖಾನೆಗೆ ಒಂದು ಪರಿಷತ್ತೂ ಏರ್ಪಟ್ಟವು. ಶಿಕ್ಷೆಗೆ ಒಳಗಾದ ಕೆಲಸಗಾರನು ಮೇಲ್ಮನವಿ ಸಲ್ಲಿಸಲು ಒಂದು ಸಮಿತಿಯಿತ್ತು; ಅದರಲ್ಲಿ ಕಾರ್ಮಿಕರ ಕಡೆಯವರೂ ಆಡಳಿತದ ಕಡೆಯವರೂ ಸಮಸಂಖ್ಯೆಯಲ್ಲಿದ್ದು, ಅಧ್ಯಕ್ಷನನ್ನು ಇಬ್ಬರೂ ಕೂಡಿ ಆರಿಸುತ್ತಿದ್ದರು. ಬೋರ್ನ್‌ವಿಲ್ಲಿನಲ್ಲಿಯೂ 1918ರಲ್ಲಿ ಇಂಥ ಪರಿಷತ್ತುಗಳು ಬಂದುವು. ತಂದೆತನದಿಂದ ಇದು ಒಂದು ಹೆಜ್ಜೆ ಮುಂದೆ.

ಅದೇ 1918ರಲ್ಲಿ ಕ್ವೇಕರ್ ಮಾಲೀಕರು ಬರ್ಮಿಂಗ್‌ಹ್ಯಾಮಿನ ವುಡ್‌ಬ್ರೂಕಿನಲ್ಲಿ ಸಮ್ಮೇಳನವೊಂದನ್ನು ಕೂಡಿಸಿ, ಮಾಲೀಕನ ಧರ್ಮವೇನೆಂದು ಚರ್ಚಿಸಿದರು. ಕೆಲಸದ ವಿಧಾನ, ಶಿಸ್ತು, ವೇಳೆ ಮುಂತಾದುವುಗಳಲ್ಲಿ ಕಾರ್ಮಿಕರಿಗೆ ಪಾಲಿರಬೇಕೆಂದು ಒಪ್ಪಿದರು. ಕಚ್ಚಾ ಸಾಮಗ್ರಿಯ ಖರೀದಿ, ಮಾರಾಟ, ಬಂಡವಾಳಗಳ ವಿಷಯದಲ್ಲಿ ಮಾತ್ರ ಅಧಿಕಾರ ಸದ್ಯಕ್ಕೆ ಮಾಲೀಕರಲ್ಲಿಯೇ ಇರಲಿ ಎಂಬಲ್ಲಿಗೆ ನಿಂತರು. ಗೆರೆ ಎಳೆದ ಸ್ಥಳ ಗಮನಾರ್ಹ. ಸಾವೊ ಟೋಮೆಯ ಕೋಕೋ ಕೊಳ್ಳಬೇಕೆ ಬೇಡವೆ ಎಂಬುದು ಖರೀದಿಯ ವಿಷಯ. ಬೋರ್ನ್‌ವಿಲ್ಲಿನ ಸಾವಿರಾರು ಕೆಲಸಗಾರರನ್ನು ಆ ಪ್ರಶ್ನೆ ಕೇಳಿದ್ದರೆ ಅವರೇನು ಹೇಳುತ್ತಿದ್ದರೋ ತಿಳಿಯದು. ಅವರನ್ನು ಕೇಳುವ ವ್ಯವಸ್ಥೆಯೇ ಇರಲಿಲ್ಲ. ಹಣವನ್ನು ಬಿಟ್ಟುಕೊಡುವುದು ಈ ಧರ್ಮಿಷ್ಠರಿಗೆ ಕಷ್ಟವಾಗಲಿಲ್ಲ. ಬಿಡಲಾರದೆ ಹೋದದ್ದು ಕೀಲಿಕೈಯನ್ನು.

ಆ ಕೀಲಿಕೈಯನ್ನೂ ಬಿಟ್ಟುಕೊಟ್ಟವನೊಬ್ಬನುಂಟು. ಎರ್ನೆಸ್ಟ್ ಬಾಡರ್ 1890ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, 1912ರಲ್ಲಿ ಇಂಗ್ಲೆಂಡಿಗೆ ಬಂದವನು. ಪತ್ನಿ ಡೋರಾ ಸ್ಕಾಟಳೊಡನೆ 1921ರಲ್ಲಿ ಲಂಡನ್ನಿನಲ್ಲಿ ಸ್ಕಾಟ್ ಬಾಡರ್ ಎಂಬ ಕಂಪೆನಿಯನ್ನು ಕಟ್ಟಿದನು. ಯುದ್ಧಕಾಲದಲ್ಲಿ, 1940ರಲ್ಲಿ, ಅದು ಬಾಂಬಿನ ಭಯದಿಂದ ನಾರ್ಥಾಂಪ್ಟನ್ ಸೀಮೆಯ ವೊಲಾಸ್ಟನ್ ಎಂಬ ಹಳ್ಳಿಗೆ ಸ್ಥಳಾಂತರಗೊಂಡಿತು. ಬಣ್ಣ, ಪ್ಲಾಸ್ಟಿಕ್ ಮೊದಲಾದುವಕ್ಕೆ ಬೇಕಾಗುವ ಕೃತಕ ರಾಳಗಳ ತಯಾರಿಕೆ ಅಲ್ಲಿಯ ಉದ್ಯಮ. ಅದೇ ಕಾಲದಲ್ಲಿ ಬಾಡರ್ ಕ್ವೇಕರನಾದನು. ತಾನು ಕ್ರೈಸ್ತಧರ್ಮದಂತೆ ಬಾಳುತ್ತಿದ್ದೇನೆಂದು ನಂಬಿದ್ದ ಆತನ ಕಾರ್ಖಾನೆಯಲ್ಲಿ 1948ರಲ್ಲಿ ಮುಷ್ಕರ ನಡೆಯಿತು. ಈ ಆಘಾತ ಆತನನ್ನು ಯೋಚನೆಗೆ ಹಚ್ಚಿತು. ಒಬ್ಬನು ಕೂಲಿ ಕೊಡುವವನು, ಉಳಿದವರು ಕೂಲಿಗೆ ಕೊಳ್ಳಲ್ಪಟ್ಟವರು ಎಂಬ ಸಂಬಂಧ ಇರುವವರೆಗೆ ಎಷ್ಟೇ ದಯೆ ತೋರಿದರೂ ಮಿತ್ರತ್ವ ಬಾರದೆಂಬ ನಿರ್ಣಯಕ್ಕೆ ಆತ ಬಂದನು.

1951ರಲ್ಲಿ, ಕಂಪೆನಿಯಲ್ಲಿ 161 ಮಂದಿ ದುಡಿಯುತ್ತಿದ್ದಾಗ, ಬಾಡರ್ ಮತ್ತು ಕುಟುಂಬದವರು ಷೇರುಗಳಲ್ಲಿ ಶೇಕಡಾ 90ನ್ನು ‘ಸ್ಕಾಟ್ ಬಾಡರ್ ಕಾಮನ್‌ವೆಲ್ತ್’ ಎಂಬ ಧರ್ಮಸಂಸ್ಥೆಗೆ ಒಪ್ಪಿಸಿಕೊಟ್ಟರು. ಕೆಲಸಗಾರರೇ ಅದರ ಸದಸ್ಯರು. ಇಲ್ಲಿ ಒಂದು ಸೂಕ್ಷ್ಮವುಂಟು. ಷೇರುಗಳನ್ನು ತಲೆಗಿಷ್ಟೆಂದು ಹಂಚಲಿಲ್ಲ; ಹಂಚಿದ್ದರೆ ಒಂದು ತಲೆಮಾರಿನಲ್ಲಿ ಅವು ಮಾರಾಟವಾಗಿ ಮತ್ತೊಬ್ಬ ಒಡೆಯನ ಕೈ ಸೇರುತ್ತಿದ್ದುವು. ಒಡೆತನ ಸಮುದಾಯದ್ದು, ಯಾವ ಸದಸ್ಯನೂ ತನ್ನ ಪಾಲನ್ನು ಮಾರಲಾರ, ಮಕ್ಕಳಿಗೆ ಬಿಟ್ಟುಹೋಗಲಾರ. ಸಂಸ್ಥೆಯ ಸಂವಿಧಾನದಲ್ಲಿ ಹಾಕಿಕೊಂಡ ಕಟ್ಟುಪಾಡುಗಳೂ ವಿಚಾರಾರ್ಹ. ಅತಿ ಹೆಚ್ಚಿನ ಸಂಬಳ ಅತಿ ಕಡಮೆ ಸಂಬಳದ ಏಳುಪಟ್ಟನ್ನು ಮೀರಕೂಡದು. ಲಾಭದಲ್ಲಿ ಕನಿಷ್ಠ ಶೇಕಡಾ 60 ತೆರಿಗೆಗೂ ಉದ್ಯಮದ ಬೆಳವಣಿಗೆಗೂ ಮೀಸಲು. ಉಳಿದುದರಲ್ಲಿ ಕೆಲಸಗಾರರು ಬೋನಸ್ಸೆಂದು ಎಷ್ಟು ಪಡೆಯುವರೋ ಅಷ್ಟನ್ನೇ ಹೊರಗಿನ ಪರೋಪಕಾರಕ್ಕೆ ಕೊಡಬೇಕು. ಯುದ್ಧಕ್ಕೆ ಬಳಸುವರೆಂದು ಗೊತ್ತಿದ್ದವರಿಗೆ ಸರಕು ಮಾರಕೂಡದು. ಸಂಸ್ಥೆಯಲ್ಲಿ ಸುಮಾರು 350ಕ್ಕಿಂತ ಹೆಚ್ಚು ಜನರಿರಬಾರದು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ಕಡೆ ಸಭೆಯೆಂಬುದು ಬರಿಯ ಹೆಸರಾಗುತ್ತದೆಂಬುದು ಇದರ ಹಿಂದಿನ ತರ್ಕ. ನಿರ್ದೇಶಕಮಂಡಲಿ ಸಮುದಾಯಕ್ಕೆ ಉತ್ತರ ಹೇಳಬೇಕು. ಈ ಪ್ರಯೋಗವನ್ನು ಅರ್ಥಶಾಸ್ತ್ರಜ್ಞ ಶೂಮಾಕರ್ ತನ್ನ 1973ರ ಪ್ರಸಿದ್ಧ ಗ್ರಂಥ ‘ಸ್ಮಾಲ್ ಈಸ್ ಬ್ಯೂಟಿಫುಲ್’ನಲ್ಲಿ ವಿಸ್ತಾರವಾಗಿ ವಿವರಿಸಿದನು. 1971ರ ಹೊತ್ತಿಗೆ ಅಲ್ಲಿ 379 ಮಂದಿಯಿದ್ದರು. ವಹಿವಾಟು 6 ಲಕ್ಷ 25 ಸಾವಿರ ಪೌಂಡುಗಳಿಂದ 50 ಲಕ್ಷ ಪೌಂಡುಗಳಿಗೆ ಏರಿತ್ತು. ಕೊಟ್ಟುಬಿಟ್ಟರೆ ಕೆಟ್ಟುಹೋಗುತ್ತದೆಂದು ನುಡಿದಿದ್ದ ವ್ಯವಹಾರಜ್ಞರು ಆ ಅಂಕಿಗಳಿಗೆ ಏನೆಂದರೋ ತಿಳಿಯದು.

ಆದರೆ ಬಾಡರ್ ಸುಲಭದ ಮನುಷ್ಯನಾಗಿರಲಿಲ್ಲ. ಒಳ್ಳೆಯದನ್ನು ಮಾಡುವುದರಲ್ಲಿಯೂ ತನ್ನ ಮಾತೇ ನಡೆಯಬೇಕೆಂಬ ಸ್ವಭಾವ. ಪ್ರಜಾಪ್ರಭುತ್ವವನ್ನು ಆಜ್ಞೆ ಮಾಡಿ ಸ್ಥಾಪಿಸಹೊರಟವನ ಇಕ್ಕಟ್ಟು ಆತನದು. ಉಳಿದ ಶೇಕಡಾ 10 ಷೇರುಗಳನ್ನೂ ಅವುಗಳೊಡನಿದ್ದ ವಿಶೇಷಾಧಿಕಾರಗಳನ್ನೂ ಕುಟುಂಬ ಬಿಟ್ಟುಕೊಡಲು ಇನ್ನೂ ಹನ್ನೆರಡು ವರ್ಷ, ಎಂದರೆ 1963ರವರೆಗೆ, ಬೇಕಾಯಿತು. ಕೆಲಸಗಾರರಿಗೂ ಹೊಸ ಪಾತ್ರ ಒಗ್ಗಲು ಕಾಲ ಹಿಡಿಯಿತು. ತಲೆತಲಾಂತರದಿಂದ ಹೇಳಿದ್ದನ್ನು ಮಾಡಿ ರೂಢಿಯಾದವರಿಗೆ ಸಭೆಯಲ್ಲಿ ಎದ್ದು ಯಜಮಾನನ ಅಭಿಪ್ರಾಯ ತಪ್ಪೆನ್ನುವುದು ಒಂದು ಕಲಿಕೆ. ಅದನ್ನು ಕೇಳಿ ಸುಮ್ಮನಿರುವುದು ಯಜಮಾನನಿಗೆ ಇನ್ನೂ ದೊಡ್ಡ ಕಲಿಕೆ. 1978ರಲ್ಲಿ ಪ್ರಕಟವಾದ ಆತನ ಜೀವನಚರಿತ್ರೆಯ ಹೆಸರು ‘ತನ್ನ ಕಂಪೆನಿಯನ್ನು ಕೊಟ್ಟುಬಿಟ್ಟವನು’ ಎಂಬರ್ಥದ್ದು. ಆತ 1982ರಲ್ಲಿ ತೀರಿಕೊಂಡನು.

ಬಾಡರ್ ತೀರಿದ ಆರು ವರ್ಷಗಳಲ್ಲಿ, 1988ರಲ್ಲಿ, ರೌಂಟ್ರಿ ಕಂಪೆನಿಯನ್ನು ಸ್ವಿಟ್ಜರ್ಲೆಂಡಿನ ನೆಸ್ಲೆ ಕೊಂಡಿತು. ಯಾರ್ಕಿನ ಜನ ಪ್ರತಿಭಟಿಸಿದರು. ಪರಿಷತ್ತು, ಪಿಂಚಣಿ, ಮನೆಗಳನ್ನು ಪಡೆದಿದ್ದ ಆ ಕಾರ್ಮಿಕರಿಗೆ ಮಾರಾಟದ ವಿಷಯದಲ್ಲಿ ಮತವಿರಲಿಲ್ಲ, ಏಕೆಂದರೆ ಅದು ಷೇರುದಾರರ ಹಕ್ಕು. 2010ರಲ್ಲಿ ಕ್ಯಾಡ್ಬರಿ ಅಮೆರಿಕದ ಕ್ರಾಫ್ಟ್ ಕಂಪೆನಿಯ ವಶವಾಯಿತು. ಹಳೆಯ ಫ್ರೈ ಮನೆತನದ ಸೋಮರ್‌ಡೇಲ್ ಕಾರ್ಖಾನೆಯನ್ನು ಉಳಿಸಿಕೊಳ್ಳುವೆವೆಂದು ಕೊಳ್ಳುವ ಮುನ್ನ ಆಡಿದ್ದ ಮಾತನ್ನು ಹೊಸ ಒಡೆಯರು ಕೊಂಡ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 2011ರಲ್ಲಿ ಅದರ ಬಾಗಿಲು ಮುಚ್ಚಿತು. ಬೋರ್ನ್‌ವಿಲ್ಲಿನ ಧರ್ಮನಿಧಿ, ರೌಂಟ್ರಿಯ ನಿಧಿಗಳು ಇಂದಿಗೂ ಕೆಲಸ ಮಾಡುತ್ತಿವೆ. ದಾನವಾಗಿ ಬಿಟ್ಟದ್ದು ಉಳಿಯಿತು, ಒಡೆತನವಾಗಿ ಇಟ್ಟುಕೊಂಡದ್ದು ಮಾರಾಟವಾಯಿತು.

ಸ್ಕಾಟ್ ಬಾಡರನ್ನು ಹೀಗೆ ಕೊಳ್ಳಲು ಸಾಧ್ಯವಿಲ್ಲ; ಮಾರಲು ಅಲ್ಲಿ ಷೇರುದಾರರೇ ಇಲ್ಲ. ಅದರ ಮೂಲಸ್ಥಾನ ಇನ್ನೂ ವೊಲಾಸ್ಟನ್ ಹಳ್ಳಿಯೇ. 350ರ ಮಿತಿ ಮಾತ್ರ ಉಳಿದಿಲ್ಲ. ಉದ್ಯಮ ಬೆಳೆದು ಆಫ್ರಿಕ, ಏಷ್ಯಗಳಲ್ಲಿಯೂ ಕಾರ್ಖಾನೆಗಳಾಗಿವೆ. ಆ ದೇಶಗಳ ಕೆಲಸಗಾರರೂ ಕಾಮನ್‌ವೆಲ್ತಿನ ಸದಸ್ಯರಾಗಬಹುದು. ಒಬ್ಬರ ಮುಖವನ್ನು ಒಬ್ಬರು ಕಾಣದ, ಒಂದೇ ಭಾಷೆಯನ್ನಾಡದ ಈ ಸದಸ್ಯರು ಒಂದು ಸಭೆಯಾಗಿ ಯೋಚಿಸುವುದು ಹೇಗೆಂಬ ಪ್ರಶ್ನೆ, 1951ರಲ್ಲಿ ಒಂದು ಹಳ್ಳಿಯ 161 ಮಂದಿಯ ಮುಂದಿದ್ದುದಕ್ಕಿಂತ ಬಿಕ್ಕಟ್ಟಿನದು. ಆ ಸಂಸ್ಥೆಯವರು ಇನ್ನೂ ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ.